ಕೊಡಪಾನದ ಮೇಲಿನ ಅಕ್ಷರ

ನಮ್ಮ ಬ್ಯಾಂಕಿನ ಬಾಗಿಲಲ್ಲಿ ಕುಳಿತುಕೊಳ್ಳುವ ಕಾವಲುಗಾರರದು ಎರಡು ನಳಿಗೆಯ ಹಳೆಯ ತೋಟಾಕೋವಿ. ಕುರಿಚಿಯ ಈ ಶಾಖೆಗೆ ವರ್ಗವಾಗಿ ಬಂದ ಹೊಸತರಲ್ಲಿ ಅದನ್ನು ಕಂಡರೆ ನಾನು ಸ್ವಲ್ಪ ದೂರವೇ ಸರಿದು ನಡೆಯುತ್ತಿದ್ದೆ. ಒಂದು ಮಧ್ಯಾಹ್ನ, ಜನ ಕಡಿಮೆಯಿದ್ದ ಹೊತ್ತಿನಲ್ಲಿ, ಅವರು ಅದನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ನಳಿಗೆಯ ಬುಡದ ಉಕ್ಕಿನ ಮೇಲೆ ಸುರುಳಿ ಸುರುಳಿಯಾಗಿ ಒಂದು ಬಳ್ಳಿ! ಯಾರೋ ಉಳಿ ಹಿಡಿದು ಕೊರೆದದ್ದು. ಕೊಲ್ಲುವ ವಸ್ತುವಿಗೆ ಹೂಬಳ್ಳಿ ಯಾಕಪ್ಪಾ ಎಂದು ಅಂದಿನಿಂದ ನನಗೊಂದು ಹುಳ ಹೊಕ್ಕಿತು.

ಹುಡುಕಿ ಓದಿದೆ. ಅಮೆರಿಕದ ಕೋಲ್ಟ್ ಕಂಪೆನಿ 1873ರಲ್ಲಿ ಒಂದು ರಿವಾಲ್ವರ್ ಹೊರತಂದಿತು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಅದರ ಕುದುರೆಯನ್ನು ಹಿಂದಕ್ಕೆಳೆಯಬೇಕು. ಎಳೆಯದೆ ಬಿಲ್ಲು ಒತ್ತಿದರೆ ಏನೂ ಆಗದು. ಅನುಕೂಲಸ್ಥರು ಹೆಚ್ಚು ಹಣ ಕೊಟ್ಟು ಅದರ ಮೈತುಂಬ ಬಳ್ಳಿ ಕೆತ್ತಿಸುತ್ತಿದ್ದರು. ಉಕ್ಕು ಮೆತ್ತಗಿರುವಾಗಲೇ ಕೆತ್ತಿ, ಆಮೇಲೆ ಬೆಂಕಿಯಲ್ಲಿ ಹದಗೊಳಿಸಿ ಗಟ್ಟಿ ಮಾಡುವುದು ಕ್ರಮ. ಆ ಕಾಲದಲ್ಲಿ ಈ ಕೆಲಸಕ್ಕೆ ಹೆಸರಾದವರಲ್ಲಿ ಜರ್ಮನಿಯಿಂದ ವಲಸೆ ಹೋದವರು ಹಲವರು. ನ್ಯೂಯಾರ್ಕಿನ ನಿಮ್ಷ್ಕೆ ಎಂಬಾತ ತಾನು ಕೆತ್ತಿದ ಕೋವಿಗಳ ಅಚ್ಚನ್ನು ಕಾಗದದ ಮೇಲೆ ತೆಗೆದು ಒಂದು ಪುಸ್ತಕದಲ್ಲಿ ಅಂಟಿಸಿಡುತ್ತಿದ್ದ. ಅದು 1965ರಲ್ಲಿ ಮುದ್ರಣವಾಗಿ ಬಂತು. ಕೋವಿಗಳು ಕೈಯಿಂದ ಕೈಗೆ ಹೋದವು. ಕಾಗದದಲ್ಲಿ ಆತನ ಕೈ ಉಳಿಯಿತು.

ದೂರ ಯಾಕೆ ಹೋಗಬೇಕು? ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ತಯಾರಾದ ಕೋವಿಗಳ ಮೇಲೂ ಚಿನ್ನ ಬೆಳ್ಳಿಯ ಕುಸುರಿಯಿದೆ, ಹುಲಿಯ ಮುಖವಿದೆ, ಹುಲಿಪಟ್ಟೆಯಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಲೂಟಿಯಾಗಿ ಹೋದ ವಸ್ತುಗಳಲ್ಲಿ ಅವೂ ಸೇರಿದ್ದವು. 2015ರ ಏಪ್ರಿಲ್‌ನಲ್ಲಿ ಅಂಥ ಕೆಲವು ಲಂಡನ್ನಿನಲ್ಲಿ ಹರಾಜಾದವು. ಯಾರ ಸೊತ್ತೆಂದು ಗುರುತಿಸಲು ಹಾಕಿದ ಹುಲಿಪಟ್ಟೆ, ಸೊತ್ತು ಕೈಬಿಟ್ಟ ಮೇಲೂ ಗುರುತು ಹೇಳುತ್ತಲೇ ಇದೆ.

ಇದನ್ನೆಲ್ಲ ಹೇಳಿದಾಗ ಕಾವಲುಗಾರರು ನಕ್ಕು, "ಕೆತ್ತುವವರನ್ನೇ ನೋಡಬೇಕಾ ಸಾರ್?" ಎಂದು ಸಿಡ್ಕೋ ಎಸ್ಟೇಟಿನ ಹತ್ತಿರದ ಒಂದು ಓಣಿಯ ಗುರುತು ಹೇಳಿದರು. ಅಲ್ಲಿದ್ದ ಹಿರಿಯರದು ಅಚ್ಚು ಕೊರೆಯುವ ಕೆಲಸ. ಪಾತ್ರೆಗೆ ಹೆಸರು ಹಾಕಲು ಈಗ ಎಲ್ಲ ಕಡೆ ಗುರ್ ಎನ್ನುವ ಮಿಷನ್ನು. ಇವರು ಮಾತ್ರ ಚಿಕ್ಕ ಸುತ್ತಿಗೆ, ಉಳಿ ಹಿಡಿದು ಕೂರುವವರು.

ಆಗ ನೆನಪಾದದ್ದು ಅಮ್ಮನ ಕೊಡಪಾನ. ಕಾಸರಗೋಡಿನ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ಅಮ್ಮ ಹಠ ಮಾಡಿ ತಂದದ್ದು ಅದೊಂದನ್ನೇ. ಅದರ ಕತ್ತಿನಲ್ಲಿ ಅಜ್ಜಿಯ ಹೆಸರು 'ಲಕ್ಷ್ಮಿ' ಎಂದು ಕನ್ನಡದಲ್ಲಿತ್ತು. ಊರಿನ ಮದುವೆ, ಉಪನಯನಗಳಿಗೆ ಮನೆಮನೆಯ ಪಾತ್ರೆ ಹೋಗುತ್ತಿದ್ದ ಕಾಲ ಅದು. ಊಟ ಮುಗಿದ ಮೇಲೆ ಯಾರದು ಯಾವುದೆಂದು ತಿಳಿಯಬೇಕಲ್ಲ! ಹುಳಿ, ಬೂದಿ ಹಾಕಿ ತಿಕ್ಕಿ ತಿಕ್ಕಿ ಅಕ್ಷರ ಸವೆದಿತ್ತು. ಅಮ್ಮ ಕಣ್ಣಿನಿಂದಲ್ಲ, ಬೆರಳಿನಿಂದ ಅದನ್ನು ಓದುತ್ತಿದ್ದರು.

"ನನಗೆ ಕನ್ನಡ ಬಾರದು ಸಾರ್, ಬರೆದು ತನ್ನಿ. ಚಿತ್ರದ ಹಾಗೆ ಕೊರೆಯುತ್ತೇನೆ" ಎಂದರು ಹಿರಿಯರು. ನಾನು ದೊಡ್ಡದಾಗಿ ಬರೆದೆ. ಚಿತ್ರಕಲೆಯಲ್ಲಿ ಚುರುಕಾದ ಮಗಳು ಅದನ್ನು ತೆಳುಕಾಗದದ ಮೇಲೆ ತಿದ್ದಿದಳು. ಶನಿವಾರ ಇಬ್ಬರೂ ಹೋದೆವು. ಅವಳು ಕಾಗದವನ್ನು ಕೊಡಪಾನದ ಕತ್ತಿಗೆ ಅಂಟಿಸಿದಳು. ನಾನು ಹೊರಗೆ ಫೋನಿನಲ್ಲಿದ್ದೆ.

ಹಿರಿಯರು ಉಳಿ ಇಡುವ ಮೊದಲು ಅವಳನ್ನು ಕೇಳಿದರಂತೆ: "ಇದು ಸರಿ ಮಗ್ಗುಲೋ, ತಿರುಗುಮುರುಗೋ?" ಅಚ್ಚಿನಲ್ಲಿ ದಿನವೂ ಅಕ್ಷರವನ್ನು ತಿರುಗಿಸಿ ಕೊರೆಯುವವರು ಅವರು, ಕೇಳದೆ ಉಳಿ ಇಡುವುದಿಲ್ಲ. ಮಗಳು ಕಾಗದ ನೋಡಿದಳು. ಮಗುಚಿ ನೋಡಿದಳು. ಅವಳಿಗೆ ಎರಡೂ ಒಂದೇ. "ಅಪ್ಪಾ, ಸ್ವಲ್ಪ ಬನ್ನಿ" ಎಂದು ಕರೆದಳು.

ಬಂದು ನೋಡಿದರೆ ಕಾಗದ ಮಗುಚಿ ಅಂಟಿತ್ತು.

ಅವಳನ್ನು ಬೈಯಲು ನನಗೆ ಬಾಯಿಯಿರಲಿಲ್ಲ. ಮನೆಯಲ್ಲಿ ಕನ್ನಡವೇ ಮಾತು, ಅಷ್ಟು ಸಾಕು ಎಂದುಕೊಂಡಿದ್ದವನು ನಾನು. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಅಜ್ಜನ ಊರಿಗೆ ಹೋದರೆ ಮಲಯಾಳವೂ ನಡೆಯುತ್ತದೆ. ಅಕ್ಷರ ನಾಳೆ ಕಲಿಸೋಣ, ರಜೆಯಲ್ಲಿ ಕಲಿಸೋಣ ಎನ್ನುತ್ತ ಹದಿನಾರು ವರ್ಷ ಕಳೆದಿತ್ತು. ಸಭೆಗಳಲ್ಲಿ ನಮ್ಮ ಭಾಷೆಗೆ ಸರಕಾರ ಏನು ಮಾಡಲಿಲ್ಲ ಎಂದು ಗಂಟೆಗಟ್ಟಲೆ ಮಾತನಾಡಿದವರಲ್ಲಿ ನಾನೂ ಒಬ್ಬ. ಮುತ್ತಜ್ಜಿಯ ಹೆಸರಿನ ಎದುರು ನಿಂತ ಮಗಳಿಗೆ ಅದರ ಬಲ ಎಡ ತಿಳಿಯದಿದ್ದುದಕ್ಕೆ ಯಾವ ಸರಕಾರವನ್ನು ದೂರಲಿ?

ಹಿರಿಯರು ಕಾಗದ ತಿರುಗಿಸಿ ಅಂಟಿಸಿ, ಹಳೆಯ ಗೀರಿನ ಜಾಡು ಹಿಡಿದು ಒಂದು ಗಂಟೆ ಕೆತ್ತಿದರು. 'ಕ್ಷ್ಮಿ'ಯ ಒತ್ತಿನ ಹತ್ತಿರ ಬಂದಾಗ ಉಸಿರು ಬಿಗಿಹಿಡಿದದ್ದು ಕಂಡಿತು. ಮುಗಿದ ಮೇಲೆ ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಕ್ಷರವನ್ನು ಮಗಳ ಕೈಗೆ ಕೊಟ್ಟು, "ಇದು ಸರಿ ಮಗ್ಗುಲು" ಎಂದರು.

ಆ ಕಾಗದ ಈಗ ಅವಳ ಮೇಜಿನ ಎದುರಿನ ಗೋಡೆಯಲ್ಲಿದೆ. ಸಂಜೆ ಅಮ್ಮ ಅವಳ ಪಕ್ಕ ಕೂತು 'ಅ ಆ' ತಿದ್ದಿಸುತ್ತಾರೆ. ಒತ್ತಕ್ಷರ ಇನ್ನೂ ಸೊಟ್ಟಗೇ ಬರುತ್ತದೆ. "ಇರಲಿ ಮಗಾ, ಕೈ ತಿರುಗಬೇಕು, ಅಷ್ಟೆ" ಎನ್ನುತ್ತಾರೆ ಅಮ್ಮ.