ಮರಳು ಬೀಸುವ ಗಿಳಿಮೀನು

ಲಕ್ಷದ್ವೀಪದ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂದರೆ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ಅಲ್ಲಿನ ತೀರದ ಬಿಳಿ ಮರಳು ಇನ್ನೊಂದು ಅಚ್ಚರಿ. ದ್ವೀಪಗಳಲ್ಲಿ ನದಿಯೇ ಇಲ್ಲ; ಮರಳು ಬಂದದ್ದೆಲ್ಲಿಂದ? ಅದರಲ್ಲೊಂದು ಪಾಲು ಗಿಳಿಮೀನಿನ ಹೊಟ್ಟೆಯಿಂದ!

ತಿಳಿನೀರಿನಲ್ಲಿ ತಲೆ ಮುಳುಗಿಸಿ ಆಲಿಸಿದರೆ ಕರಕರ ಸದ್ದು ಕೇಳುತ್ತದೆ. ಈ ಮೀನಿನ ಹಲ್ಲುಗಳು ಬೆಸೆದು ಗಿಳಿಯ ಕೊಕ್ಕಿನಂತಾಗಿವೆ. ಹವಳದ ಕಲ್ಲನ್ನು ಪಾಚಿಯ ಸಮೇತ ಕೆರೆದು, ಗಂಟಲಿನಲ್ಲಿರುವ ಇನ್ನೊಂದು ಜೊತೆ ಹಲ್ಲಿನಿಂದ ಬೀಸುಕಲ್ಲಿನಂತೆ ಅರೆಯುತ್ತದೆ. ಜೀರ್ಣವಾಗದ ಸುಣ್ಣದ ಪುಡಿಯೇ ಮರಳು.

ಇವುಗಳಲ್ಲಿ ಸುಮಾರು 100 ಪ್ರಭೇದಗಳಿವೆ. ಹಲವು ಪ್ರಭೇದಗಳಲ್ಲಿ ಹೆಣ್ಣೇ ಬೆಳೆದು ಗಂಡಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಹೀಗಾಗಿ ಹಿಂದಿನ ವಿಜ್ಞಾನಿಗಳು ಒಂದೇ ಮೀನಿಗೆ ಎರಡೆರಡು ಹೆಸರಿಟ್ಟದ್ದುಂಟು. ಪ್ರತ್ಯೇಕ ಕುಟುಂಬವೆನಿಸಿದ್ದ ಗಿಳಿಮೀನನ್ನು ಡಿಎನ್‌ಎ ಪರೀಕ್ಷೆಗಳ ಬಳಿಕ ಅನೇಕರು ರಾಸ್ ಮೀನುಗಳ ಕುಟುಂಬಕ್ಕೇ ಸೇರಿಸುತ್ತಾರೆ.

1998ರಲ್ಲಿ ಕಡಲು ಬಿಸಿಯೇರಿ ಇಲ್ಲಿನ ಹವಳ ಬಿಳಿಚಿ ಸತ್ತಿತು. 2010 ಮತ್ತು 2016ರಲ್ಲಿ ಮತ್ತೆ ಅದೇ ಪೆಟ್ಟು. ಸತ್ತ ಹವಳವನ್ನು ಪಾಚಿ ಮುಚ್ಚಿಬಿಟ್ಟರೆ ಹೊಸ ಹವಳಕ್ಕೆ ನೆಲೆಯಿಲ್ಲ. ಆ ಪಾಚಿಯನ್ನು ಮೇಯುವ ಮೀನುಗಳಲ್ಲಿ ಗಿಳಿಮೀನು ಮುಖ್ಯವಾದದ್ದು. ದ್ವೀಪದ ಬೆಸ್ತರು ಬಹುಕಾಲ ಹೊರಗಡಲಿನ ಟ್ಯೂನಾವನ್ನೇ ನೆಚ್ಚಿದ್ದರಿಂದ ಅದು ಉಳಿಯಿತು. ಬಲೆ ಈಗ ಹವಳದ ದಿಬ್ಬದತ್ತ ತಿರುಗಿದರೆ ಮೊದಲು ಮೀನು, ನಂತರ ದಿಬ್ಬ, ಕೊನೆಗೆ ಅಲೆಗೆ ಒಡ್ಡಿದ ದ್ವೀಪವೇ ಕರಗೀತು.