ಅಮಾನತ್ತಾಗಿ ಬಂದ ಪುಟ್ಟ ಗಿಡ

ಇನ್ನೊಬ್ಬರ ವಸ್ತುವನ್ನು ನಂಬಿಕೆಯ ಮೇಲೆ ಪಡೆದು ಕಾಪಾಡುವುದಕ್ಕೆ ನಾವು ‘ಅಮಾನತ್’ ಎನ್ನುತ್ತೇವೆ. ಆ ಮಾತು ಬಂದೊಡನೆ ನೆನಪಾಗುವುದು ಹಣ, ಒಡವೆ, ಆಸ್ತಿಯ ಕಾಗದಪತ್ರ. ಅವುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅರ್ಧ ಹೊಣೆ ಮುಗಿಯುತ್ತದೆ. ಜೀವವಿರುವುದನ್ನು ಹಾಗೆ ಬೀಗ ಹಾಕಿ ಕಾಪಾಡಲಾಗದು. ಒಂದೂವರೆ ವರ್ಷದಿಂದ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಅಂಗೈಯಗಲದ ಗಿಡವೊಂದು ಅಂಥ ಅಮಾನತ್ತಾಗಿ ಇದೆ.

ಅದನ್ನು ಒಪ್ಪಿಸಿದವನು ಹಿಂದೆ ಮದ್ರಸದಲ್ಲಿ ನನ್ನ ಬಳಿ ಕಲಿತ ಹುಡುಗ. ತಾಯಿ ತೀರಿಕೊಂಡ ಕೆಲವು ತಿಂಗಳಿಗೆ ಅವನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ಮನೆಗೆ ಬೀಗ ಹಾಕಿ ಹೊರಡುವ ಹಿಂದಿನ ದಿನ ಕುಂಡವನ್ನು ಹಿಡಿದು ಬಂದ. “ಉಸ್ತಾದ್, ಇದು ಉಮ್ಮ ನೆಟ್ಟದ್ದು. ಎರಡು ವರ್ಷದಲ್ಲಿ ಬರುತ್ತೇನೆ, ಅಲ್ಲಿಯವರೆಗೆ ನಿಮ್ಮಲ್ಲಿರಲಿ” ಎಂದ. ಅಂಗಡಿಯಲ್ಲಿ ಈ ಗಿಡದ ಬೆಲೆ ದೊಡ್ಡದಲ್ಲ. ಆದರೆ ಇದು ಸತ್ತರೆ ಬೇರೊಂದನ್ನು ಕೊಂಡು ಅವನ ಕೈಗಿಟ್ಟು ಋಣ ತೀರಿಸುವಂತಿಲ್ಲ.

ನರ್ಸರಿಯವರು ಇದನ್ನು ಝೀಬ್ರಾ ಗಿಡ ಎನ್ನುತ್ತಾರೆ. ಕಡುಹಸಿರಿನ ಚೂಪಾದ ದಪ್ಪ ಎಲೆಗಳ ಮೇಲೆ ಬಿಳಿಯ ಅಡ್ಡಪಟ್ಟೆಗಳು. ಎತ್ತರ ಗೇಣನ್ನು ಮೀರುವುದಿಲ್ಲ. ಹಾವರ್ಥಿಯಾ ಎಂಬ ಹೆಸರು ಇಂಗ್ಲೆಂಡಿನ ಸಸ್ಯತಜ್ಞ ಏಡ್ರಿಯನ್ ಹಾವರ್ಥ್ ಅವರ ನೆನಪಿಗಾಗಿ 1809ರಲ್ಲಿ ಇಟ್ಟದ್ದು. 2013ರಲ್ಲಿ ಈ ಗಿಡವನ್ನು ಹಾವರ್ಥಿಯಾಪ್ಸಿಸ್ ಎಂಬ ಬೇರೆ ಕುಲಕ್ಕೆ ಸೇರಿಸಿದರೂ ಹಳೆಯ ಹೆಸರೇ ಬಳಕೆಯಲ್ಲಿದೆ. ನಮ್ಮ ಲೋಳೆಸರದ ಬಂಧುವಾದ ಇದರ ತವರು ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ. ಅಲ್ಲಿನ ಒಣಭೂಮಿಯಲ್ಲಿ ಪೊದೆಗಳ ನೆರಳನ್ನು ಆಶ್ರಯಿಸಿ ಬೆಳೆಯುತ್ತದೆ. ನಾವಿರುವುದೋ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೂ ಬೆವರುತ್ತದೆ.

ಈ ಗಿಡದ ಸ್ವಭಾವವನ್ನು ಅರಿತಷ್ಟೂ ಸೃಷ್ಟಿಕರ್ತನ ಯುಕ್ತಿಗೆ ಮನಸ್ಸು ತಲೆಬಾಗುತ್ತದೆ. ಹೆಚ್ಚಿನ ಗಿಡಗಳು ಎಲೆಯ ಸೂಕ್ಷ್ಮ ರಂಧ್ರಗಳನ್ನು ಹಗಲಿನಲ್ಲಿ ತೆರೆದು ಗಾಳಿಯನ್ನು ಸೆಳೆಯುತ್ತವೆ. ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಇದು ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ಇರುಳಿನಲ್ಲಿ ತೆರೆಯುತ್ತದೆ. ರಾತ್ರಿ ಸೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆ. ನೀರನ್ನು ಎಲೆಯಲ್ಲೇ ತುಂಬಿಟ್ಟುಕೊಂಡಿರುತ್ತದೆ. ಆದ್ದರಿಂದ ಬಾಯಾರಿ ಸಾಯುವುದು ಅಪರೂಪ; ಬೇರು ಕೊಳೆತು ಸಾಯುವುದೇ ಹೆಚ್ಚು.

ಇದರ ಆರೈಕೆಯ ಕ್ರಮ ಸರಳ. ತಳದಲ್ಲಿ ತೂತಿರುವ ಚಿಕ್ಕ ಮಣ್ಣಿನ ಕುಂಡ ಬೇಕು. ಒಂದು ಪಾಲು ತೋಟದ ಮಣ್ಣಿಗೆ ಎರಡು ಪಾಲು ದಪ್ಪ ಮರಳು ಮತ್ತು ಹೆಂಚಿನ ಚೂರು ಬೆರೆಸಬೇಕು. ಮಂಗಳೂರು ಹೆಂಚಿನ ಚೂರು ನಮ್ಮ ಹಿತ್ತಿಲುಗಳಲ್ಲಿ ಬೇಕಾದಷ್ಟಿದೆ. ಬೆಳಗಿನ ಎಳೆಬಿಸಿಲು ಸಾಕು. ಮಧ್ಯಾಹ್ನದ ಬಿಸಿಲಿಗೆ ಎಲೆ ಕೆಂಪಾಗುತ್ತದೆ. ನೀರೆರೆಯುವ ಮೊದಲು ಹಿಡಿಸೂಡಿಯ ಕಡ್ಡಿಯೊಂದನ್ನು ಮಣ್ಣಿನ ಆಳಕ್ಕೆ ಚುಚ್ಚಿ ತೆಗೆಯಬೇಕು. ಕಡ್ಡಿಗೆ ಮಣ್ಣು ಅಂಟಿದರೆ ಕಾಯಬೇಕು. ಒಣಗಿ ಬಂದರೆ ತಳದಿಂದ ಹರಿಯುವಷ್ಟು ಎರೆದು, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಎರೆಯುತ್ತೇನೆ. ಮಳೆಗಾಲದಲ್ಲಿ ತಿಂಗಳು ಕಳೆದರೂ ಕೆಲವೊಮ್ಮೆ ಅಗತ್ಯವಾಗುವುದಿಲ್ಲ. ಎಲೆ ತೆಳುವಾಗಿ ಮುದುಡಿದರೆ ಅದು ಬಾಯಾರಿಕೆ, ಒಂದು ಲೋಟ ನೀರಿಗೆ ಸರಿಹೋಗುತ್ತದೆ. ಬುಡದ ಎಲೆ ಮೆತ್ತಗಾಗಿ ಕಂದಿದರೆ ಅದು ಕೊಳೆತ. ಆಗ ಉಳಿಸುವುದು ಕಷ್ಟ.

ನನ್ನ ಕಿರಿಯ ಮಗಳಿಗೆ ಮೊದಲು ಇದು ನಿರ್ದಯೆಯಾಗಿ ಕಂಡಿತು. “ಅಬ್ಬಾ, ಮಲ್ಲಿಗೆಗೆ ದಿನಾ ನೀರು ಕೊಡುತ್ತೀರಿ, ಇದಕ್ಕೆ ಬಾಯಾರುವುದಿಲ್ಲವೇ?” ಎಂದು ಕೇಳುತ್ತಿದ್ದಳು. ಕಡ್ಡಿಯನ್ನು ಅವಳ ಕೈಗೇ ಕೊಟ್ಟೆ. ಈಗ ಅವಳು ಶುಕ್ರವಾರ ಶುಕ್ರವಾರ ಚುಚ್ಚಿ ನೋಡಿ, “ಇವತ್ತು ಬೇಡ” ಎಂದು ತೀರ್ಪು ಕೊಡುತ್ತಾಳೆ.

ಫಿಕ್‌ಹ್‌ನಲ್ಲಿ ‘ವದೀಅತ್’ ಎಂಬ ಅಧ್ಯಾಯವಿದೆ. ಅಮಾನತ್ತಾಗಿ ಇಟ್ಟುಕೊಂಡ ವಸ್ತು ನಮ್ಮ ತಪ್ಪಿಲ್ಲದೆ ನಾಶವಾದರೆ ನಾವು ಪರಿಹಾರ ಕೊಡಬೇಕಿಲ್ಲ. ಆದರೆ ಕಾಪಾಡುವುದರಲ್ಲಿ ಕೊರತೆ ಮಾಡಿದರೂ, ಹದ್ದು ಮೀರಿ ವರ್ತಿಸಿದರೂ ಹೊಣೆ ನಮ್ಮದು. ಈ ಪಾಠವನ್ನು ಎಷ್ಟೋ ವರ್ಷ ಬೋಧಿಸಿದ್ದೇನೆ. ಕೊರತೆಯೂ ಅತಿಯೂ ಒಂದೇ ಸಾಲಿನಲ್ಲಿ ಏಕೆ ನಿಂತಿವೆ ಎಂಬುದು ಈ ಕುಂಡದ ಮುಂದೆ ನಿಂತಾಗ ಸ್ಪಷ್ಟವಾಗುತ್ತದೆ. ನಮ್ಮ ಮಕ್ಕಳೂ ನಮಗೆ ಅಮಾನತ್ತೇ. ನಿಧಾನವಾಗಿ ಕಲಿಯುವ ಮಗುವಿನ ಮೇಲೆ ದಿನಕ್ಕೆ ಮೂರು ಟ್ಯೂಷನ್ ಸುರಿಯುವ ಪ್ರೀತಿಯೂ ಬೇರನ್ನು ಕೊಳೆಸಬಲ್ಲದು.

ಕಳೆದ ಚಳಿಗಾಲದಲ್ಲಿ ಗಿಡದ ಬುಡದಿಂದ ಮೂರು ಮರಿಗಳು ಮೂಡಿದವು. ನೆರೆಮನೆಯವರು ಒಂದನ್ನು ಕೇಳಿದರು. ಆದರೆ ಅಮಾನತ್ತಿನಲ್ಲಿ ಆದ ಹೆಚ್ಚಳವೂ ಒಡೆಯನಿಗೇ ಸೇರಿದ್ದು. ಕೊಡುವ ಹಕ್ಕು ನನಗಿರಲಿಲ್ಲ. ಹುಡುಗನಿಗೆ ಕರೆ ಮಾಡಿ ವಿಷಯ ತಿಳಿಸಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಒಂದನ್ನು ಅವರಿಗೆ ಕೊಡಿ ಉಸ್ತಾದ್, ಒಂದು ನಿಮ್ಮ ಮಗಳಿಗೆ. ಇನ್ನೊಂದನ್ನು ಉಮ್ಮನ ತಂಗಿಗೆ ತಲುಪಿಸುತ್ತೀರಾ?” ಎಂದ.

ಮರಿಗಳನ್ನು ಬೇರುಸಹಿತ ಬಿಡಿಸಿ, ಗಾಯ ಒಣಗಲೆಂದು ಮೂರು ದಿನ ನೆರಳಿನಲ್ಲಿಟ್ಟು ನೆಟ್ಟೆವು. ಮೂರೂ ಹಿಡಿದಿವೆ. ಅವನ ಉಮ್ಮನ ತಂಗಿಗೆ ಕುಂಡವನ್ನು ಕೊಡುವಾಗ ಕಡ್ಡಿಯನ್ನೂ ಕೊಟ್ಟು, ನೀರೆರೆಯುವ ಕ್ರಮವನ್ನು ನನ್ನ ಮಗಳೇ ವಿವರಿಸಿದಳು. ತಾಯಿಗಿಡ ಇನ್ನೊಂದು ಮಳೆಗಾಲವನ್ನು ದಾಟಬೇಕಿದೆ.

ನಮ್ಮ ಕೈಗೆ ಒಪ್ಪಿಸಿದ್ದನ್ನು ಕೊರತೆಯಿಂದಲೂ ಅತಿಯಿಂದಲೂ ಕೆಡಿಸದೆ ಹಿಂದಿರುಗಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.