ಹಳೆಯ ಮನೆ ಕಲಿಸಿದ ಪಾಠ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಸಂಧಿ-ಸಮಾಸಗಳನ್ನು ಕುರಿತು ನಾಲ್ಕು ಮಾತು ಬರೆದರೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ಆದರೆ ಈಚಿನ ವರ್ಷಗಳಲ್ಲಿ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಅದೂ ಗ್ರಂಥಗಳಿಂದಲ್ಲ, ನಮ್ಮ ಹಳೆಯ ಮನೆಯ ಗೋಡೆಯಿಂದ ಮತ್ತು ಹಿತ್ತಲಿನ ಒಂದು ನಿಂಬೆಯ ಗಿಡದಿಂದ. ಅದನ್ನು ಮರೆಮಾಚದೆ ನಿವೇದಿಸುವುದೇ ಉಚಿತವೆಂದು ತೋರಿತು.

ನಮ್ಮದು ಗದಗ ಸೀಮೆಯ ಹಳ್ಳಿಯೊಂದರಲ್ಲಿ ಅಜ್ಜನವರು ಕಟ್ಟಿಸಿದ ಮಾಳಿಗೆಯ ಮನೆ. ಕಲ್ಲನ್ನು ಕೆಸರಿನಲ್ಲಿ ಕೂಡಿಸಿ ಎಬ್ಬಿಸಿದ ದಪ್ಪ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ತೊಲೆ-ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ. ತಂದೆಯವರು ಇರುವತನಕ ಮಳೆಗಾಲಕ್ಕೆ ಮುನ್ನ ಊರ ಹೊರಗಿನಿಂದ ಮಣ್ಣು ತರಿಸಿ ಮಾಳಿಗೆಗೆ ಹಾಕಿಸುತ್ತಿದ್ದರು. ಅವರ ತರುವಾಯ ಆ ಕ್ರಮ ತಪ್ಪಿ, ಮನೆ ಸೋರತೊಡಗಿತು.

2021ರ ಬೇಸಗೆಯಲ್ಲಿ ನಾನು ದುರಸ್ತಿಗೆ ಕೈಹಾಕಿದೆ. ಅನುಭವವಿರಲಿಲ್ಲ, ವಿದ್ವಾನ್ ಪದವಿ ಪಡೆದವನೆಂಬ ಧೈರ್ಯ ಮಾತ್ರ ಇತ್ತು. ಉದುರುತ್ತಿದ್ದ ಗಾರೆಯನ್ನು ಕೆತ್ತಿಸಿ, ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿಸಿದೆ. ಮಾಳಿಗೆಯ ಮಣ್ಣನ್ನೆಲ್ಲ ಇಳಿಸಿ ತಗಡು ಹೊದಿಸಿದೆ. ಇಳಿಸಿದ ಮಣ್ಣು ವ್ಯರ್ಥವಾಗಬಾರದೆಂದು, ಅವ್ವ ಬೀಜದಿಂದ ಬೆಳೆಸಿದ್ದ ನಿಂಬೆಯ ಗಿಡದ ಬುಡಕ್ಕೆ ಮೊಳದೆತ್ತರ ಏರಿಸಿದೆ. ಬಂದವರೆಲ್ಲ ಗೋಡೆಯ ನುಣುಪನ್ನು ಹೊಗಳಿದರು, ನಾನೂ ಹಿಗ್ಗಿದೆ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಬೆವರತೊಡಗಿತು. ತೇವ ಎದೆಯ ಮಟ್ಟಕ್ಕೆ ಏರಿತು. ಬಿಳಿಯ ಉಪ್ಪು ಹೂವಿನಂತೆ ಅರಳಿತು. ಗಿಲಾವು ಹಪ್ಪಳದಂತೆ ಕಳಚಿ ಬಿದ್ದಿತು. ಗೋಡೆಯ ಗೂಡಿನಲ್ಲಿದ್ದ ನನ್ನ ಗುರುಗಳ ಕೈಬರಹದ ಟಿಪ್ಪಣಿಗಳಿಗೆ ಬೂಷ್ಟು ಹಿಡಿಯಿತು. ಅತ್ತ ನಿಂಬೆಯ ಎಲೆಗಳ ತುದಿ ಸುಟ್ಟಂತಾಗಿ ಉದುರತೊಡಗಿದವು.

ವಿಚಾರಿಸಲಾಗಿ ಒಬ್ಬ ಗೌಂಡಿ ಬಂದನು. ಅವನನ್ನು ಕಂಡು ನನ್ನ ತಲೆ ತಾನಾಗಿ ತಗ್ಗಿತು. ಇಪ್ಪತ್ತು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವನು. ವಿಭಕ್ತಿ ಪ್ರತ್ಯಯಗಳನ್ನು ತಪ್ಪಿದನೆಂದು, 'ನೀನು ಕಲ್ಲು ಹೊರುವುದಕ್ಕೇ ಲಾಯಕ್ಕು' ಎಂದು ತರಗತಿಯ ಮುಂದೆ ಹೀಯಾಳಿಸಿದ್ದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಅದಕ್ಕೆ ನನ್ನ ಮಾತು ಕಾರಣವೋ, ಮನೆಯ ಬಡತನ ಕಾರಣವೋ, ನಾನು ಕೇಳಲೇ ಇಲ್ಲ.

ಅವನು ಬೆರಳಿನಿಂದ ಗೋಡೆಯನ್ನು ತಟ್ಟಿ ನೋಡಿ, "ಗುರುಗಳ, ಈ ಗ್ವಾಡಿ ನೆಲದ ನೀರು ಕುಡದು ಗಾಳಿಗೆ ಬಿಡತಿತ್ತರಿ. ನೀವು ಅದರ ಬಾಯಿ ಮುಚ್ಚೀರಿ" ಎಂದನು.

ಅವನ ಮಾತು ಶಾಸ್ತ್ರಸಮ್ಮತವೇ ಆಗಿತ್ತು. ನೆಲದ ತೇವ ಇಂಥ ಗೋಡೆಯಲ್ಲಿ ಏರುವುದು ಸಹಜ. ಸುಣ್ಣದ ಗಾರೆಯ ಸೂಕ್ಷ್ಮರಂಧ್ರಗಳಿಂದ ಅದು ಆವಿಯಾಗಿ ಹೋಗುತ್ತದೆ. ಸಿಮೆಂಟು ಆ ದಾರಿಯನ್ನು ತಡೆದರೆ ತೇವ ಇನ್ನೂ ಮೇಲಕ್ಕೆ ಏರಿ, ತಾನು ತಂದ ಉಪ್ಪಿನಿಂದ ಗಿಲಾವನ್ನೇ ಒಡೆಯುತ್ತದೆ. ಅವನು ಸಿಮೆಂಟನ್ನೆಲ್ಲ ತೆಗೆದು, ಒಂದು ಬೇಸಗೆ ಪೂರ್ತಿ ಗೋಡೆಯನ್ನು ಒಣಗಲು ಬಿಟ್ಟನು. ಸುಟ್ಟ ಸುಣ್ಣವನ್ನು ಅರಳಿಸಿ, ವಾರಗಟ್ಟಲೆ ನೀರಿನಲ್ಲಿಟ್ಟು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ, ತುಸು ಬೆಲ್ಲದ ನೀರು ಬೆರೆಸಿ, ತೆಳುವಾಗಿ ಪದರ ಪದರವಾಗಿ ಬಳಿದನು. ಸುಣ್ಣಕ್ಕೆ ಅವಸರವಿಲ್ಲ, ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಕಲ್ಲಾಗುತ್ತದೆ.

ಗಿಡದ ರೋಗವನ್ನು ಹೇಳಿದವಳು ಅವ್ವ. "ಮಾಳಿಗಿ ಮಣ್ಣು ಸವಳು ಮಣ್ಣಲ್ಲೇನೊ ತಮ್ಮಾ? ಕೇಳಿದ್ದರ ಹೇಳತಿದ್ದೆ" ಎಂದಳು. ಸವಳು ಮಣ್ಣು ನೆನೆದೊಡನೆ ರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಮಾಳಿಗೆಯ ಮೇಲೆ ಅದು ಗುಣ. ಬೇರಿನ ಮೇಲೆ ಅದೇ ಮೃತ್ಯು. ಉಪ್ಪನ್ನು ಸಹಿಸದ ನಿಂಬೆಗಂತೂ ಎರಡು ಪಟ್ಟು ಕಷ್ಟ. ಆ ಮಣ್ಣನ್ನೆಲ್ಲ ತೆಗೆಸಿ, ಜಿಪ್ಸಮ್ಮು ಹಾಕಿ ಧಾರಾಳವಾಗಿ ನೀರುಣಿಸಿ, ಬಳಿಕ ಕೊಟ್ಟಿಗೆ ಗೊಬ್ಬರ ಕೊಟ್ಟೆ. ಗಿಡದ ಒಂದು ಪಾರ್ಶ್ವ ಒಣಗಿಯೇ ಹೋಯಿತು. ಇನ್ನೊಂದು ಪಾರ್ಶ್ವ ಉಳಿದಿದೆ.

ಕ್ಷೇಮೇಂದ್ರನ ಔಚಿತ್ಯ ವಿಚಾರವನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ತಕ್ಕ ಸ್ಥಾನದಲ್ಲಿದ್ದರೆ ಮಾತ್ರ ಗುಣವು ಗುಣವೆನಿಸೀತೆಂಬ ಆ ತತ್ತ್ವ ನನಗೆ ನಾಲಗೆಯ ಮೇಲಿತ್ತು, ಕೈಗೆ ಇಳಿದಿರಲಿಲ್ಲ. ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಉದಾರವಾಗಿ ನೆರವಾಗುವ ದಾನಿಗಳಲ್ಲಿ ನನ್ನ ಬಿನ್ನಹ ಇಷ್ಟೇ: ತಿದ್ದುವ ಮೊದಲು ಗೋಡೆಯನ್ನು ಬಲ್ಲವರನ್ನು ಕೇಳಿರಿ. ಅಧ್ಯಾಪಕ ಮಿತ್ರರಿಗೂ ಅದೇ ಮಾತು.

ಕೆಲಸ ಮುಗಿದ ದಿನ ಅವನೊಡನೆ ಆ ಹಳೆಯ ಪ್ರಸಂಗವನ್ನು ಎತ್ತಿ, "ತಪ್ಪಾಯಿತಪ್ಪಾ" ಎಂದೆ. ಅವನು ಕರಣೆಯನ್ನು ತೊಳೆಯುತ್ತ, "ನೆನಪೈತ್ರಿ ಗುರುಗಳ" ಎಂದು ಸುಮ್ಮನಾದನು. ತುಸು ಹೊತ್ತಿನ ಮೇಲೆ, "ಗ್ವಾಡಿಗೆ ದಿನಾ ಎರಡ ಸಲ ನೀರು ಹೊಡೀರಿ. ಬಿಸಲಿಗೆ ಬಿರಿಯಬಾರದು" ಎಂದನು.

ಅವನ ಮಗಳು ಈಗ ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದಾಳೆ. ಪ್ರತ್ಯಯಗಳಲ್ಲಿ ಅವಳೂ ತಪ್ಪುತ್ತಾಳೆ. ಏಕೆ ಹಾಗೆ ಬರೆದೆ ಎಂದು ಮೊದಲು ಕೇಳುತ್ತೇನೆ, ಆಮೇಲೆ ತಿದ್ದುತ್ತೇನೆ.